ವಿನ್ಯಾಸದ ಕೇಂದ್ರದಲ್ಲಿ ಬಳಕೆದಾರನೊಬ್ಬನೇ ಇರಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ವಸ್ತುಗಳ ವಿನ್ಯಾಸ ಮಾಡುತ್ತ, ಅದನ್ನೇ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತ ಬಂದಿರುವ ನನಗೆ ಕೆಲವು ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗಿವೆ. ಕೆಲವನ್ನು ಭಾಷಣದ ನಂತರ ಚಹಾ ಕುಡಿಯುವಾಗ ಕೇಳಿದ್ದಾರೆ, ಕೆಲವು ಪತ್ರಗಳಲ್ಲಿ ಬಂದಿವೆ, ಕೆಲವು ಬರಹಗಳ ಕೆಳಗಿನ ಪ್ರತಿಕ್ರಿಯೆಗಳಲ್ಲಿ ಕಾಣಿಸಿಕೊಂಡಿವೆ. ಕೇಳಿದವರ ಮಾತುಗಳನ್ನು ಸಾಧ್ಯವಾದಷ್ಟು ಹಾಗೆಯೇ ಇಟ್ಟುಕೊಂಡು ಸರಳ ಪ್ರಶ್ನೆಗಳಿಂದ ಕಠಿಣ ಪ್ರಶ್ನೆಗಳ ಕಡೆಗೆ ಜೋಡಿಸಿದ್ದೇನೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲು ತಿಳಿಯಬೇಕಾದದ್ದು

“ಮಾನವಕೇಂದ್ರಿತ ವಿನ್ಯಾಸ ಅಂದರೆ ಜನರಿಗೆ ಬೇಕಾದ್ದನ್ನು ಮಾಡಿಕೊಡುವುದು ತಾನೆ? ಅದರಲ್ಲಿ ತಪ್ಪೇನಿದೆ?”

ತಪ್ಪಿಲ್ಲ. ಯಂತ್ರಕ್ಕೆ ಮನುಷ್ಯನೇ ಒಗ್ಗಿಕೊಳ್ಳಬೇಕು ಎಂದು ಎಲ್ಲರೂ ಒಪ್ಪಿಕೊಂಡಿದ್ದ ಕಾಲದಲ್ಲಿ ಯಂತ್ರವೇ ಮನುಷ್ಯನಿಗೆ ಒಗ್ಗಲಿ ಎಂದು ಹೇಳಿದ್ದು ದೊಡ್ಡ ಹೆಜ್ಜೆಯೇ ಆಗಿತ್ತು. ಬಳಸುವವರನ್ನು ಹತ್ತಿರದಿಂದ ಗಮನಿಸುವುದು, ಅವರ ಅಗತ್ಯವನ್ನು ಅರಿಯುವುದು, ಮಾದರಿಯೊಂದನ್ನು ಮಾಡಿ ಅವರ ಕೈಗೇ ಕೊಟ್ಟು ನೋಡುವುದು, ಎಡವಿದಲ್ಲಿ ತಿದ್ದುವುದು ಇದರ ಕ್ರಮ. ಈ ಕ್ರಮಕ್ಕೆ 1999ರಲ್ಲಿ ಐಎಸ್‌ಒ 13407 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂತು. 2010ರಲ್ಲಿ ಅದರ ಸ್ಥಾನಕ್ಕೆ ಐಎಸ್‌ಒ 9241-210 ಬಂತು, ಅದು 2019ರಲ್ಲಿ ಪರಿಷ್ಕರಣೆಯಾಯಿತು. ಅಕ್ಷರ ಬಾರದವರೂ ಬಳಸಬಲ್ಲ ಫೋನು, ಗಾಲಿಕುರ್ಚಿ ಹತ್ತಬಲ್ಲ ಬಸ್ಸು ಈ ಬಗೆಯ ಕಾಳಜಿಯಿಂದ ಬಂದವು. ಅವುಗಳನ್ನು ಕಳೆದುಕೊಳ್ಳಲು ನಾನಂತೂ ಸಿದ್ಧನಿಲ್ಲ.

ತೊಂದರೆ ಇರುವುದು ‘ಮಾನವ’ ಎಂಬ ಪದವನ್ನು ನಾವು ಕಿರಿದಾಗಿಸಿಕೊಂಡ ರೀತಿಯಲ್ಲಿ. ದಿನನಿತ್ಯದ ಕೆಲಸದಲ್ಲಿ ಆ ಪದಕ್ಕೆ ಉಳಿದಿರುವ ಅರ್ಥ ಹಣ ಕೊಟ್ಟು ಕೊಳ್ಳುವವನು, ಅದೂ ಅವನು ವಸ್ತುವನ್ನು ಕೈಯಲ್ಲಿ ಹಿಡಿದಿರುವ ಹೊತ್ತಿನಲ್ಲಿ ಮಾತ್ರ. ಆ ವಸ್ತುವಿಗಾಗಿ ಅದಿರು ಅಗೆದವನು, ಬಳಸಿ ಎಸೆದದ್ದನ್ನು ಎತ್ತುವ ಪೌರಕಾರ್ಮಿಕ ಮಹಿಳೆ, ಅದನ್ನು ತಂದು ಸುರಿಯುವ ಊರಿನವರು, ಇನ್ನೂ ಹುಟ್ಟದ ಮಕ್ಕಳು, ಇವರೆಲ್ಲ ಮಾನವರೇ ಆದರೂ ಬಳಕೆದಾರರ ಪಟ್ಟಿಯಲ್ಲಿಲ್ಲ. ಪ್ರಾಣಿ, ಪಕ್ಷಿ, ಕೆರೆಗಳ ಮಾತು ಆಮೇಲಿನದು.

“ಬಳಸುವವರಿಗೆ ಅನುಕೂಲವಾದ ವಸ್ತು ಹೇಗೆ ಕೆಟ್ಟ ವಿನ್ಯಾಸ ಆಗುತ್ತದೆ? ಒಂದು ಉದಾಹರಣೆ ಕೊಡಿ.”

ಊರಿನ ಯಾವ ಅಂಗಡಿಗೆ ಹೋದರೂ ಬಾಗಿಲಲ್ಲಿ ತೋರಣದಂತೆ ತೂಗುವ ಶ್ಯಾಂಪೂ ಪ್ಯಾಕೆಟ್‌ಗಳನ್ನು ನೋಡಿ. 1980ರ ದಶಕದಲ್ಲಿ ದಕ್ಷಿಣ ಭಾರತದ ಸಣ್ಣ ಉದ್ಯಮಗಳು ಈ ಪ್ಯಾಕೆಟ್ಟನ್ನು ಹಳ್ಳಿಹಳ್ಳಿಗೆ ತಲುಪಿಸಿದವು. ಅದಕ್ಕೂ ಮೊದಲು ಶ್ಯಾಂಪೂ ಬಾಟಲಿಯಲ್ಲಿ ಬರುತ್ತಿತ್ತು, ಅದು ಉಳ್ಳವರ ಸರಕಾಗಿತ್ತು. ದಿನಗೂಲಿ ಪಡೆಯುವ ಮನೆಯಲ್ಲಿ ಹಣ ಬರುವುದು ದಿನದ ಲೆಕ್ಕದಲ್ಲಿ, ಆದ್ದರಿಂದ ಖರ್ಚೂ ದಿನದ ಲೆಕ್ಕದಲ್ಲಿಯೇ ಆಗಬೇಕು. ಒಂದು ಸ್ನಾನಕ್ಕೆ ಬೇಕಾದಷ್ಟನ್ನೇ ಒಂದು ರೂಪಾಯಿಯ ಆಸುಪಾಸಿನ ಬೆಲೆಗೆ ಕೊಂಡುಕೊಳ್ಳಬಹುದು, ಹಲ್ಲಿನಿಂದ ಕಚ್ಚಿ ಹರಿಯಬಹುದು, ಚೆಲ್ಲುವ ಭಯವಿಲ್ಲ, ಅಂಗಡಿಯವನಿಗೆ ಕಪಾಟೂ ಬೇಕಿಲ್ಲ. ಮಾನವಕೇಂದ್ರಿತ ವಿನ್ಯಾಸದ ಪಾಠಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಮಾದರಿ ನನಗೆ ಗೊತ್ತಿಲ್ಲ. ಬಡವರ ಜೇಬನ್ನೂ ಅಭ್ಯಾಸವನ್ನೂ ಇಷ್ಟು ಆಳವಾಗಿ ಅರಿತ ವಸ್ತುಗಳು ಕಡಿಮೆ.

ಈಗ ಅದೇ ಪ್ಯಾಕೆಟ್ಟನ್ನು ಹರಿದ ನಂತರ ನೋಡಿ. ಅದು ಪ್ಲಾಸ್ಟಿಕ್ ಹಾಳೆಗಳನ್ನೂ ಲೋಹದ ತೆಳು ಲೇಪವನ್ನೂ ಒಂದಕ್ಕೊಂದು ಅಂಟಿಸಿ ಮಾಡಿದ ಬಹುಪದರದ ವಸ್ತು. ಪದರಗಳನ್ನು ಬೇರ್ಪಡಿಸುವುದು ದುಬಾರಿ, ಬೇರ್ಪಡಿಸದೆ ಮರುಸಂಸ್ಕರಣೆ ಆಗುವುದಿಲ್ಲ. ಗಾತ್ರದಲ್ಲಿ ಅಂಗೈಗಿಂತ ಚಿಕ್ಕದು, ತೂಕವಂತೂ ಇಲ್ಲವೇ ಇಲ್ಲ. ಹೀಗಾಗಿ ಚಿಂದಿ ಆಯುವವರು ಬಾಟಲಿಯನ್ನು ಎತ್ತಿಕೊಂಡು ಪ್ಯಾಕೆಟ್ಟನ್ನು ಅಲ್ಲೇ ಬಿಡುತ್ತಾರೆ. ದಿನವಿಡೀ ಬಗ್ಗಿ ಆಯ್ದರೂ ಗುಜರಿಯಲ್ಲಿ ಅದಕ್ಕೆ ಬೆಲೆ ಸಿಗುವುದಿಲ್ಲ. ಮಳೆ ಬಂದಾಗ ಅದು ಚರಂಡಿಗೆ, ಅಲ್ಲಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಹೋಗುತ್ತದೆ. ಬಳಕೆಯ ಆಯುಷ್ಯ ಕೆಲವು ಕ್ಷಣ. ಉಳಿಯುವುದು ಎಷ್ಟೋ ತಲೆಮಾರು. ಕೊಳ್ಳುವ ಹೆಣ್ಣುಮಗಳ ಕಷ್ಟವನ್ನು ಅಷ್ಟು ಸೂಕ್ಷ್ಮವಾಗಿ ಕಂಡ ವಿನ್ಯಾಸಕ, ಆಕೆಯ ಮನೆಯ ಮುಂದಿನ ಕಟ್ಟಿಕೊಂಡ ಚರಂಡಿಯನ್ನು ಕಾಣಲಿಲ್ಲ.

“ಸುಸ್ಥಿರ ವಿನ್ಯಾಸ ಅಂದರೆ ಪ್ಲಾಸ್ಟಿಕ್ ಬಿಟ್ಟು ಬಟ್ಟೆ ಚೀಲ ಹಿಡಿಯುವುದು, ಅಷ್ಟೇ ಅಲ್ಲವೇ?”

ಅಷ್ಟೇ ಆಗಿದ್ದರೆ ಕೆಲಸ ಸುಲಭವಿತ್ತು. ಒಂದು ವಸ್ತು ಕಚ್ಚಾ ಸಾಮಗ್ರಿಯಿಂದ ಹಿಡಿದು ಕಸವಾಗುವವರೆಗೆ ಎಷ್ಟು ನೀರು, ಶಕ್ತಿ, ನೆಲ ನುಂಗುತ್ತದೆ, ಏನೇನನ್ನು ಹೊರಗೆ ಸುರಿಯುತ್ತದೆ ಎಂಬ ಲೆಕ್ಕಕ್ಕೆ ಜೀವನಚಕ್ರ ವಿಶ್ಲೇಷಣೆ ಎನ್ನುತ್ತಾರೆ. ಡೆನ್ಮಾರ್ಕ್‌ನ ಪರಿಸರ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಇಂಥದೊಂದು ಲೆಕ್ಕದ ಪ್ರಕಾರ, ಎಲ್ಲ ಪರಿಸರ ಸೂಚಕಗಳನ್ನೂ ಸೇರಿಸಿದರೆ ಸಾಮಾನ್ಯ ಹತ್ತಿಯ ಚೀಲವನ್ನು 7,100 ಬಾರಿ ಬಳಸಿದಾಗ ಮಾತ್ರ ಅದು ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮನಾಗುತ್ತದೆ. ಹವಾಮಾನದ ಮೇಲಿನ ಪರಿಣಾಮವೊಂದನ್ನೇ ತೆಗೆದುಕೊಂಡರೆ 52 ಬಾರಿ ಸಾಕು. ಯಾವ ಪ್ರಶ್ನೆ ಕೇಳುತ್ತೇವೆ ಎಂಬುದರ ಮೇಲೆ ಉತ್ತರ ಇಷ್ಟು ದೂರ ಸರಿಯುತ್ತದೆ.

ಆ ಲೆಕ್ಕವನ್ನು ನಮ್ಮಲ್ಲಿ ಉಲ್ಲೇಖಿಸುವವರು ಒಂದು ವಿಷಯವನ್ನು ಮರೆಯುತ್ತಾರೆ. ಬೀದಿಗೆ ಬಿದ್ದ ಚೀಲದ ಹಾನಿ ಅದರಲ್ಲಿ ಸೇರಿಲ್ಲ. ಡೆನ್ಮಾರ್ಕ್‌ನಲ್ಲಿ ಕಸ ಬಹುಮಟ್ಟಿಗೆ ಸಂಗ್ರಹವಾಗುವುದರಿಂದ ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. ಹಸುವಿನ ಹೊಟ್ಟೆಯಿಂದ ಪ್ಲಾಸ್ಟಿಕ್ ತೆಗೆಯುವ ಪಶುವೈದ್ಯರಿರುವ ನಾಡಿನಲ್ಲಿ ಆ ಭಾಗವನ್ನು ಬಿಟ್ಟು ಲೆಕ್ಕ ಹಾಕಲಾಗದು. ಆದ್ದರಿಂದ ಬಟ್ಟೆ ಚೀಲ ಹಿಡಿಯಿರಿ, ಆದರೆ ಒಂದನ್ನೇ ಹರಿಯುವವರೆಗೂ ಹಿಡಿಯಿರಿ. ಸಮಾರಂಭಗಳಲ್ಲಿ ಹೆಸರು ಅಚ್ಚು ಹಾಕಿಸಿ ಹಂಚುವ ಚೀಲಗಳು ಮನೆಯ ಬೀರುವಿನಲ್ಲಿ ರಾಶಿ ಬಿದ್ದಿದ್ದರೆ ಅವುಗಳಿಂದ ಯಾವ ಉಪಕಾರವೂ ಆಗಿಲ್ಲ.

“ನಮ್ಮ ಹಿರಿಯರು ಮಾಡುತ್ತಿದ್ದುದೆಲ್ಲ ಸುಸ್ಥಿರವೇ ಆಗಿತ್ತಲ್ಲ, ಹೊಸದಾಗಿ ಕಲಿಯುವುದೇನಿದೆ?”

ಕಲಿಯಲು ಬಹಳವಿದೆ, ಆದರೆ ಕಣ್ಣುಮುಚ್ಚಿ ಒಪ್ಪಿಕೊಳ್ಳುವಂತಿಲ್ಲ. ಮಲೆನಾಡು, ಕರಾವಳಿಗಳಲ್ಲಿ ತೋಟದಲ್ಲಿ ಬಿದ್ದ ಅಡಿಕೆ ಹಾಳೆಯನ್ನು ನೆನೆಸಿ ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುತ್ತಾರೆ. ಅಂಟಿಲ್ಲ, ಬಣ್ಣವಿಲ್ಲ, ಊಟವಾದ ಮೇಲೆ ತಿಪ್ಪೆಗೆ ಹಾಕಿದರೆ ಗೊಬ್ಬರ. ಚನ್ನಪಟ್ಟಣದ ಕುಶಲಕರ್ಮಿ ಆಲೆಮರವನ್ನು ಚರಕಿಯಲ್ಲಿ ತಿರುಗಿಸುತ್ತ ಅರಗಿನ ಕಡ್ಡಿ ಒತ್ತುತ್ತಾನೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಬಣ್ಣವಾಗಿ ಕೂರುತ್ತದೆ, ಬೇರೆ ಒಲೆಯೂ ಬೇಕಿಲ್ಲ, ದ್ರಾವಕವೂ ಬೇಕಿಲ್ಲ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯ ಮಾದರಿಯನ್ನೇ ತೆಗೆದುಕೊಳ್ಳಿ. ಒಂದು ಹೆಂಚು ಒಡೆದರೆ ಅದೊಂದನ್ನೇ ಬದಲಿಸಬಹುದು, ಮನೆ ಕೆಡವಿದರೆ ಉಳಿದ ಹೆಂಚುಗಳು ಇನ್ನೊಂದು ಮನೆಯ ಮಾಡಿಗೆ ಹೋಗುತ್ತವೆ. ಬಿಡಿಬಿಡಿಯಾಗಿ ದುರಸ್ತಿ ಮಾಡಬಲ್ಲ ವಿನ್ಯಾಸಕ್ಕೆ ಇದಕ್ಕಿಂತ ಉತ್ತಮ ಪಾಠ ಬೇಕೇ?

ಹಾಗೆಂದು ಸೌದೆ ಒಲೆಯ ಮುಂದೆ ಹೊಗೆ ಕುಡಿಯುತ್ತ ಕಣ್ಣು ಕಳೆದುಕೊಂಡ ಅಜ್ಜಿಯರನ್ನು ಮರೆತು ಹಳೆಯದನ್ನು ಹೊಗಳುವುದು ನ್ಯಾಯವಲ್ಲ. ಅಡುಗೆಮನೆ ಕಟ್ಟಿದವರು ಅಡುಗೆ ಮಾಡುವವರಾಗಿರಲಿಲ್ಲ. ಅಲ್ಲಿ ಕೊರತೆಯಾಗಿದ್ದುದು ಮಾನವಕೇಂದ್ರಿತ ವಿನ್ಯಾಸವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒದಗುವ ತಂತ್ರಜ್ಞಾನಕ್ಕೆಂದೇ ಕಟ್ಟಿದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ ಈ ಎರಡನ್ನೂ ಕೂಡಿಸಲು ಯತ್ನಿಸಿತು. ಹೊಗೆ ಕೊಳವೆಯ ಮೂಲಕ ಹೊರಗೆ, ಒಂದೇ ಬೆಂಕಿಗೆ ಹಲವು ಪಾತ್ರೆ, ಕಡಿಮೆ ಸೌದೆ.

## ಬೆಲೆ, ಬಾಳಿಕೆ, ದುರಸ್ತಿ

“ಪರಿಸರದ ಹೆಸರಲ್ಲಿ ಬಡವರ ಒಂದು ರೂಪಾಯಿ ಪ್ಯಾಕೆಟ್ ಕಿತ್ತುಕೊಳ್ಳುತ್ತೀರಾ?”

ಈ ಪ್ರಶ್ನೆಯನ್ನು ಸಿಟ್ಟಿನಿಂದ ಕೇಳಿದವರ ಮೇಲೆ ನನಗೆ ಗೌರವವಿದೆ, ಏಕೆಂದರೆ ಸುಸ್ಥಿರತೆಯ ಮಾತಾಡುವ ಹಲವರು ಇದಕ್ಕೆ ಉತ್ತರಿಸದೆ ಮುಂದೆ ಹೋಗುತ್ತಾರೆ. ಪ್ಯಾಕೆಟ್ಟನ್ನು ನಿಷೇಧಿಸಿ ಬಾಟಲಿಯನ್ನೇ ಕೊಳ್ಳಿ ಎಂದರೆ ದಿನಗೂಲಿಯವರಿಗೆ ಶ್ಯಾಂಪೂ ಮತ್ತೆ ಕೈಗೆಟುಕದ ಸರಕಾಗುತ್ತದೆ. ಅದು ಅನ್ಯಾಯ. ಆದರೆ ಬಡವರಿಗೆ ಬೇಕಾಗಿರುವುದು ಸಣ್ಣ ಅಳತೆ. ಬಹುಪದರದ ಪ್ಲಾಸ್ಟಿಕ್ಕನ್ನು ಅವರು ಎಂದೂ ಕೇಳಿರಲಿಲ್ಲ. ನಮ್ಮ ಕಿರಾಣಿ ಅಂಗಡಿಗಳಲ್ಲಿ ಎಣ್ಣೆಯನ್ನು ಡಬ್ಬದಿಂದ ಅಳೆದು, ತಂದ ಬಾಟಲಿಗೆ ಹುಯ್ಯುತ್ತಿದ್ದರು. ಸೀಮೆಎಣ್ಣೆ ಮಾರುತ್ತಿದ್ದುದೂ ಹಾಗೆಯೇ. ಐದು ರೂಪಾಯಿಯ ಎಣ್ಣೆ ಕೇಳಲು ಯಾರಿಗೂ ಸಂಕೋಚವಿರಲಿಲ್ಲ. ಸಣ್ಣ ಅಳತೆಯಲ್ಲಿ ಕೊಳ್ಳುವ ಹಕ್ಕನ್ನು ಉಳಿಸಿಕೊಂಡು ಹೊದಿಕೆಯನ್ನು ಕೈಬಿಡುವ ಆ ವ್ಯವಸ್ಥೆಯನ್ನು ಕಲಬೆರಕೆಯ ಭಯವಿಲ್ಲದಂತೆ, ಅಂಗಡಿಯವನಿಗೆ ನಷ್ಟವಾಗದಂತೆ ಮರಳಿ ಕಟ್ಟುವುದು ನಿಜವಾದ ವಿನ್ಯಾಸದ ಸವಾಲು. ಕಷ್ಟದ ಕೆಲಸವೆಂದು ಗೊತ್ತು. ಪ್ಯಾಕೆಟ್ಟನ್ನು ಕಂಡುಹಿಡಿಯಲು ವ್ಯಯಿಸಿದಷ್ಟು ಬುದ್ಧಿಯನ್ನು ಇದಕ್ಕೆ ನಾವು ಇನ್ನೂ ವ್ಯಯಿಸಿಲ್ಲ.

ಇನ್ನೂ ಒಂದು ಮಾತು. ಪ್ಯಾಕೆಟ್ಟಿನ ಲಾಭ ಬಡವರಿಗೆ ಎನ್ನುವವರು ಅದರ ನಷ್ಟವೂ ಬಡವರಿಗೇ ಎಂಬುದನ್ನು ಸೇರಿಸಿ ಹೇಳಬೇಕು. ಬೆಂಗಳೂರಿನ ಕಸ ವರ್ಷಗಟ್ಟಲೆ ಹೋಗಿ ಬಿದ್ದದ್ದು ಮಾವಳ್ಳಿಪುರ, ಮಂಡೂರಿನಂಥ ಹಳ್ಳಿಗಳ ಪಕ್ಕದಲ್ಲಿ. ಅಲ್ಲಿಯ ಜನ ಲಾರಿಗಳನ್ನು ತಡೆದು ಹೋರಾಡಿದ ಮೇಲೆ, 2014ರ ಕೊನೆಯಲ್ಲಿ ಮಂಡೂರಿಗೆ ಕಸ ಹೋಗುವುದು ನಿಂತಿತು. ಆ ಊರಿನವರು ಯಾವ ವಸ್ತುವಿನ ಬಳಕೆದಾರ ಸಮೀಕ್ಷೆಯಲ್ಲಿಯೂ ಇರಲಿಲ್ಲ.

“ಬ್ಯಾಟರಿ ತೆಗೆಯಲಾಗದ ಫೋನ್ ಮಾಡಿದ್ದು ಜನ ತೆಳ್ಳಗಿನ ಫೋನ್ ಕೇಳಿದ್ದರಿಂದ ತಾನೆ? ಅದಕ್ಕೆ ವಿನ್ಯಾಸಕರನ್ನು ಯಾಕೆ ದೂರಬೇಕು?”

ಜನ ತೆಳ್ಳಗಿನದನ್ನು ಮೆಚ್ಚಿದ್ದು ನಿಜ. ಆದರೆ “ಎರಡು ವರ್ಷಕ್ಕೆ ಬ್ಯಾಟರಿ ಸೋತರೆ ಫೋನನ್ನೇ ಎಸೆಯಲು ಒಪ್ಪುತ್ತೀರಾ?” ಎಂದು ಅವರನ್ನು ಯಾರೂ ಕೇಳಲಿಲ್ಲ. ಅಂಗಡಿಯಲ್ಲಿ ಹತ್ತು ನಿಮಿಷ ಹಿಡಿದು ನೋಡಿದಾಗಿನ ಇಷ್ಟವನ್ನು ಅಳೆದು ಅದನ್ನೇ ಅಗತ್ಯ ಎಂದು ಬರೆದುಕೊಂಡೆವು. ಅಂಟು ಹಾಕಿ ಮುಚ್ಚಿದ ವಸ್ತುವಿಗೂ ತಿರುಪು ಹಾಕಿ ಮುಚ್ಚಿದ ವಸ್ತುವಿಗೂ ಇರುವ ವ್ಯತ್ಯಾಸ ಕೊಳ್ಳುವಾಗ ಕಾಣುವುದಿಲ್ಲ, ಕೆಟ್ಟಾಗ ಕಾಣುತ್ತದೆ. ನನ್ನ ಮನೆಯ ಪ್ರಿಂಟರೊಂದು ಕೆಟ್ಟಾಗ ಬೇಕಾಗಿದ್ದುದು ಒಂದು ಸಣ್ಣ ಹಲ್ಲುಚಕ್ರ. ಅದು ಬಿಡಿಯಾಗಿ ಸಿಗುವುದಿಲ್ಲ, ಇಡೀ ಜೋಡಣೆಯನ್ನೇ ಕೊಳ್ಳಬೇಕು ಎಂದರು. ಆ ಜೋಡಣೆಯ ಬೆಲೆಗೆ ಹೊಸ ಪ್ರಿಂಟರೇ ಬರುತ್ತಿತ್ತು. ಬೀದಿಯ ಮೂಲೆಯಲ್ಲಿ ಮೂವತ್ತು ವರ್ಷ ಹಳೆಯ ಮಿಕ್ಸಿಯನ್ನು ಬಿಚ್ಚಿ ಕಾರ್ಬನ್ ಬ್ರಶ್ ಬದಲಿಸಿಕೊಡುವ ಮೆಕ್ಯಾನಿಕ್ ಇನ್ನೂ ಇದ್ದಾನೆ, ಆದರೆ ಅವನಿಗೆ ಬಿಚ್ಚಲು ಬರುವ ವಸ್ತುಗಳು ಕಡಿಮೆಯಾಗುತ್ತಿವೆ.

2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತೆಂದೂ ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಸಂಸ್ಕರಣೆಯಾದದ್ದಕ್ಕೆ ದಾಖಲೆಯಿರುವುದು ಶೇ 22.3ಕ್ಕೆ ಮಾತ್ರವೆಂದೂ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಈಗ ಕಾನೂನುಗಳು ವಿನ್ಯಾಸದ ಮೇಜಿಗೇ ಬರುತ್ತಿವೆ. ಫ್ರಾನ್ಸಿನಲ್ಲಿ 2021ರ ಜನವರಿಯಲ್ಲಿ ಫೋನು, ಲ್ಯಾಪ್‌ಟಾಪ್, ಟಿವಿ ಮುಂತಾದವುಗಳ ಮೇಲೆ ದುರಸ್ತಿ ಎಷ್ಟು ಸುಲಭ ಎಂಬುದಕ್ಕೆ ಹತ್ತರಲ್ಲಿ ಅಂಕ ನಮೂದಿಸಬೇಕೆಂಬ ನಿಯಮ ಬಂತು. ಯುರೋಪಿನ ಒಕ್ಕೂಟದಲ್ಲಿ 2024ರ ಡಿಸೆಂಬರ್‌ನಿಂದ ಹೊಸ ಫೋನುಗಳಿಗೆಲ್ಲ ಒಂದೇ ಬಗೆಯ ಚಾರ್ಜರ್ ಕಿಂಡಿ ಕಡ್ಡಾಯ. ಅಲ್ಲಿ ಮಾರುವ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಹಾಕುವಂತಿರಬೇಕು ಎಂಬ ನಿಯಮ 2027ರ ಫೆಬ್ರುವರಿಯಿಂದ ಜಾರಿಯಾಗಬೇಕಿದೆ. ಭಾರತದಲ್ಲಿ 2022ರ ಡಿಸೆಂಬರ್‌ನಲ್ಲಿ ದುರಸ್ತಿ ಹಕ್ಕಿನ ಜಾಲತಾಣವೊಂದನ್ನು ಕೇಂದ್ರ ಸರ್ಕಾರ ಆರಂಭಿಸಿತು. ಅದು ಮಾಹಿತಿ ಕೊಡುತ್ತದೆ, ಆದರೆ ಬಿಚ್ಚಲಾಗದ ವಸ್ತುವನ್ನು ಮಾರದಂತೆ ತಡೆಯುವುದಿಲ್ಲ.

“ಫೈವ್ ಸ್ಟಾರ್ ಫ್ರಿಜ್ಜು, ಎಲ್‌ಇಡಿ ಬಲ್ಬು ಬಂದಾಯ್ತು. ದಕ್ಷತೆ ಹೆಚ್ಚಿಸುತ್ತ ಹೋದರೆ ಸಾಲದೇ?”

ದಕ್ಷತೆ ಬೇಕು. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯಲ್ಲಿ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳು ಮನೆಗಳಿಗೆ ತಲುಪಿದ್ದು ಸಣ್ಣ ಸಾಧನೆಯಲ್ಲ. ಆದರೆ 1865ರಲ್ಲಿಯೇ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ ಬ್ರಿಟನ್ನಿನ ಕಲ್ಲಿದ್ದಲಿನ ವಿಷಯದಲ್ಲಿ ತೋರಿಸಿದಂತೆ, ಉಗಿಯಂತ್ರದ ದಕ್ಷತೆ ಹೆಚ್ಚಿದಾಗ ಕಲ್ಲಿದ್ದಲಿನ ಒಟ್ಟು ಬಳಕೆ ಇಳಿಯಲಿಲ್ಲ, ಏರಿತು. ಅಗ್ಗವಾದದ್ದನ್ನು ಹೆಚ್ಚು ಕಡೆ, ಹೆಚ್ಚು ಹೊತ್ತು ಬಳಸುತ್ತೇವೆ. ಹಿಂದೆ ಒಂದು ಬಲ್ಬು ಉರಿಯುತ್ತಿದ್ದ ಅಂಗಡಿಯ ಮುಂದೆ ಇಂದು ರಾತ್ರಿಯಿಡೀ ಮಿನುಗುವ ದೀಪದ ಸಾಲುಗಳಿರುವುದನ್ನು ಯಾರಾದರೂ ನೋಡಬಹುದು.

ಆದ್ದರಿಂದ ದಕ್ಷತೆಯ ಜೊತೆಗೆ ಮಿತಿಯನ್ನೂ ವಿನ್ಯಾಸದಲ್ಲಿ ಕೂರಿಸಬೇಕು, ಅದೂ ಹಿಂಸೆಯಾಗದಂತೆ. 2020ರ ಜನವರಿಯಿಂದ ಭಾರತದಲ್ಲಿ ಮಾರುವ ಸ್ಟಾರ್ ಗುರುತಿನ ಮನೆ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಯಲ್ಲಿ ಆರಂಭವಾಗಬೇಕು. ಬೇಕಿದ್ದವರು ಇಳಿಸಿಕೊಳ್ಳಬಹುದು, ಯಾರ ಸ್ವಾತಂತ್ರ್ಯವೂ ಹೋಗಿಲ್ಲ. ಯೋಚಿಸದೆ 18ಕ್ಕೆ ಬಿಟ್ಟಿರುತ್ತಿದ್ದವರು ಯೋಚಿಸದೆಯೇ 24ರಲ್ಲಿ ಉಳಿಯಬಹುದು ಎಂಬುದಷ್ಟೇ ಅದರ ತರ್ಕ.

## ಮನುಷ್ಯರ ಆಚೆಗೆ

“ಆನೆ, ನದಿ, ಹದ್ದು ಇವೆಲ್ಲ ಬಳಕೆದಾರರಾಗಲು ಸಾಧ್ಯವೇ? ಅವುಗಳ ಅಭಿಪ್ರಾಯ ಕೇಳುವುದಾದರೂ ಹೇಗೆ?”

ಮಾತಿನಲ್ಲಿ ಕೇಳಲಾಗದು, ಆದರೆ ಗಮನಿಸಬಹುದು. ಮಾತು ಬಾರದ ಕೂಸಿಗೆ ತೊಟ್ಟಿಲು ಮಾಡುವಾಗಲೂ ನಾವು ಸಂದರ್ಶನ ಮಾಡುವುದಿಲ್ಲ. ಬಂಡೀಪುರದ ಮೂಲಕ ವಯನಾಡಿಗೆ ಹೋಗುವ ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕಿ ಸಾಯುವ ಪ್ರಾಣಿಗಳ ಲೆಕ್ಕವೇ ಅವುಗಳ ಅಭಿಪ್ರಾಯವಾಗಿತ್ತು. 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ಸಂಚಾರ ನಿಂತಿತು, ತುರ್ತು ವಾಹನಗಳಿಗೂ ಕೆಲವೇ ಬಸ್ಸುಗಳಿಗೂ ಮಾತ್ರ ಅವಕಾಶ ಉಳಿಯಿತು. ರಸ್ತೆಯ ಒಂದು ಕಲ್ಲನ್ನೂ ಕದಲಿಸದೆ ಅದರ ವೇಳಾಪಟ್ಟಿಯನ್ನು ಬದಲಿಸಿದ್ದು ನನ್ನ ಕಣ್ಣಿಗೆ ಉತ್ತಮ ವಿನ್ಯಾಸವೇ. ಮಧ್ಯ ಭಾರತದ ಪೆಂಚ್ ಹುಲಿ ಅರಣ್ಯದ ಮೂಲಕ ಹೋಗುವ ಹೆದ್ದಾರಿಯಲ್ಲಿ ಇನ್ನೊಂದು ದಾರಿ ಹಿಡಿದರು. ಅಲ್ಲಿ ರಸ್ತೆಯನ್ನೇ ಮೇಲೆತ್ತಿ ಕೆಳಗೆ ಪ್ರಾಣಿಗಳಿಗೆ ಹಾದಿ ಬಿಟ್ಟಿದ್ದಾರೆ. ಅದರಡಿ ಇಟ್ಟ ಕ್ಯಾಮೆರಾಗಳಲ್ಲಿ ಹುಲಿಗಳೂ ದಾಟುವುದು ದಾಖಲಾಗಿದೆ.

ರಣಹದ್ದಿನ ಕಥೆ ಇದಕ್ಕಿಂತ ಆಳವಾದದ್ದು. ಡೈಕ್ಲೋಫೆನಾಕ್ ಎಂಬ ನೋವುನಿವಾರಕ ದನಗಳಿಗೆ ಒಳ್ಳೆಯ ಔಷಧ, ಅಗ್ಗದ್ದು, ರೈತನ ಕಷ್ಟಕ್ಕೆ ಒದಗುವಂಥದ್ದು. ಔಷಧ ಹಾಕಿಸಿಕೊಂಡ ದನ ಸತ್ತಾಗ ಅದನ್ನು ತಿಂದ ಹದ್ದಿನ ಮೂತ್ರಪಿಂಡ ಕೆಡುತ್ತದೆ ಎಂಬುದು ವಿಜ್ಞಾನಿಗಳಿಗೆ ಖಚಿತವಾದದ್ದು 2004ರ ಹೊತ್ತಿಗೆ. ಅಷ್ಟರಲ್ಲಿ ಭಾರತದ ಬಿಳಿಬೆನ್ನಿನ ರಣಹದ್ದುಗಳು ಬಹುತೇಕ ಮುಗಿದಿದ್ದವು. 1990ರ ದಶಕದ ಆರಂಭಕ್ಕೆ ಹೋಲಿಸಿದರೆ 2007ರಲ್ಲಿ ಅವುಗಳ ಸಂಖ್ಯೆ ಶೇ 99ಕ್ಕಿಂತಲೂ ಹೆಚ್ಚು ಕುಸಿದಿತ್ತು. 2006ರಲ್ಲಿ ಪಶುಗಳಿಗೆ ಆ ಔಷಧವನ್ನು ನಿಷೇಧಿಸಿ, ಹದ್ದುಗಳಿಗೆ ಹಾನಿಯಿಲ್ಲದ ಮೆಲಾಕ್ಸಿಕ್ಯಾಮ್ ಅನ್ನು ಮುಂದಿಟ್ಟರು. ಆದರೂ ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳನ್ನು ದನಗಳಿಗೆ ಬಳಸುವುದು ನಡೆದೇ ಇತ್ತು. 2015ರಲ್ಲಿ ಚುಚ್ಚುಮದ್ದಿನ ಸೀಸೆ 3 ಮಿಲಿಲೀಟರಿಗಿಂತ ದೊಡ್ಡದಾಗಿರಬಾರದು ಎಂಬ ನಿಯಮ ಬಂತು. ಮನುಷ್ಯನಿಗೆ ಆ ಅಳತೆ ಸಾಕು. ಆದರೆ ಎಮ್ಮೆಗೆ ಕೊಡಬೇಕೆಂದರೆ ಹಲವು ಸೀಸೆ ಒಡೆಯಬೇಕು, ಅದು ದುಬಾರಿ. ಒಂದು ಪೊಟ್ಟಣದ ಗಾತ್ರವನ್ನು ಹಕ್ಕಿಯೊಂದರ ಸಲುವಾಗಿ ನಿರ್ಧರಿಸಿದ ಈ ನಿಯಮವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ.

ಹದ್ದುಗಳಿಲ್ಲದಾಗ ಊರಾಚೆ ಎಸೆದ ಕಳೇಬರಗಳು ನಾಯಿಗಳಿಗೆ ಆಹಾರವಾದವು, ನೀರು ಕೆಟ್ಟಿತು. ಹದ್ದುಗಳ ನಾಶದಿಂದಾಗಿ 2000ದಿಂದ 2005ರ ನಡುವೆ ಸುಮಾರು 5 ಲಕ್ಷ ಹೆಚ್ಚುವರಿ ಮಾನವ ಸಾವುಗಳಾದವೆಂದು 2024ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಅಂದಾಜಿಸಿದರು. ಅಂದರೆ ಹದ್ದನ್ನು ಲೆಕ್ಕದಿಂದ ಬಿಟ್ಟ ವಿನ್ಯಾಸ ಮನುಷ್ಯನ ದೃಷ್ಟಿಯಿಂದಲೂ ಸೋತಿತ್ತು. ನಮ್ಮಲ್ಲಿ ಉಳಿದಿರುವ ಕೆಲವು ಉದ್ದಕೊಕ್ಕಿನ ರಣಹದ್ದುಗಳಿಗೆ ರಾಮನಗರದ ರಾಮದೇವರ ಬೆಟ್ಟ ಆಸರೆಯಾಗಿದೆ. 2012ರಲ್ಲಿ ಅದು ರಣಹದ್ದುಧಾಮವಾಯಿತು.

“ಈ ವಾದ ಹೊಸದೇ? ಡೊನಾಲ್ಡ್ ನಾರ್ಮನ್ ಅವರೇ ಮನಸ್ಸು ಬದಲಿಸಿದರಂತೆ, ನಿಜವೇ?”

ಬಳಕೆದಾರ ಕೇಂದ್ರಿತ ವಿನ್ಯಾಸ ಎಂಬ ಮಾತು 1980ರ ದಶಕದಲ್ಲಿ ಹಬ್ಬಲು ಅಮೆರಿಕದ ವಿನ್ಯಾಸ ಚಿಂತಕ ನಾರ್ಮನ್ ಮುಖ್ಯ ಕಾರಣರು. ಅವರೇ 2005ರಲ್ಲಿ ಆ ಕ್ರಮದ ಹಾನಿಗಳ ಕುರಿತು ಬರೆದರು. 2023ರ ಪುಸ್ತಕದಲ್ಲಿ ಒಬ್ಬೊಬ್ಬ ಮಾನವನಿಗಾಗಿ ಮಾಡುವ ವಿನ್ಯಾಸದಿಂದ ಇಡೀ ಮಾನವಕುಲವನ್ನೂ ಜೀವಜಾಲವನ್ನೂ ಗಮನದಲ್ಲಿಟ್ಟ ವಿನ್ಯಾಸದ ಕಡೆಗೆ ಹೋಗಬೇಕೆಂದರು. ಇದನ್ನು ಮನಸ್ಸು ಬದಲಿಸಿದ್ದು ಎನ್ನುವುದಕ್ಕಿಂತ ತನ್ನ ಮಾತನ್ನೇ ಮುಂದಕ್ಕೆ ಒಯ್ದದ್ದು ಎನ್ನುವುದು ಸರಿ. ಅವರಿಗೂ ಮೊದಲು, 1970ರ ದಶಕದ ಆರಂಭದಲ್ಲಿಯೇ ವಿನ್ಯಾಸಕ, ಲೇಖಕ ವಿಕ್ಟರ್ ಪಾಪನೆಕ್ ಕೈಗಾರಿಕಾ ವಿನ್ಯಾಸಕರನ್ನು ಇದೇ ವಿಷಯಕ್ಕೆ ಕಟುವಾಗಿ ತರಾಟೆಗೆ ತೆಗೆದುಕೊಂಡಿದ್ದರು. ಕೈಗಾರಿಕಾ ವಿನ್ಯಾಸದ ಅಂತರರಾಷ್ಟ್ರೀಯ ಸಮ್ಮೇಳನವೊಂದು ಹೊರಡಿಸಿದ 1979ರ ಅಹಮದಾಬಾದ್ ಘೋಷಣೆ ಅಭಿವೃದ್ಧಿಯ ಸಂದರ್ಭದಲ್ಲಿ ವಿನ್ಯಾಸದ ಹೊಣೆಯೇನೆಂದು ಭಾರತದ ನೆಲದಲ್ಲಿಯೇ ಹೇಳಿತ್ತು. ಐಎಸ್‌ಒ 9241-210ರಲ್ಲಿಯೂ ಸುಸ್ಥಿರತೆಯ ಕುರಿತು ಒಂದು ಭಾಗವಿದೆ. ಮಾತಿಗೆ ಕೊರತೆ ಎಂದೂ ಇರಲಿಲ್ಲ.

“ಹಾಗಾದರೆ ಕೇಂದ್ರದಲ್ಲಿ ಮನುಷ್ಯನ ಬದಲು ಭೂಮಿಯನ್ನು ಇಡಬೇಕೇ?”

ನನ್ನ ಉತ್ತರ, ಬೇಡ. ಭೂಮಿಯ ಹೆಸರಿನಲ್ಲಿ ಮಾತಾಡುವವರೂ ಮನುಷ್ಯರೇ. ‘ಭೂಮಿಗೆ ಬೇಕು’ ಎಂದು ಹೇಳುವ ಅಧಿಕಾರ ಯಾರ ಕೈಗೆ ಹೋಗುತ್ತದೆ ಎಂಬುದನ್ನು ನೋಡಬೇಕು. ಕಾಡು ಉಳಿಸುವ ಹೆಸರಿನಲ್ಲಿ ಜೇನುಕುರುಬರು, ಸೋಲಿಗರು ತಮ್ಮ ಹಾಡಿ, ಪೋಡುಗಳಿಂದ ಹೊರಬಂದದ್ದನ್ನು ಕಂಡ ನಾಡಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಮನುಷ್ಯನನ್ನು ಕೇಂದ್ರದಿಂದ ಸರಿಸಿದಾಗ ಮೊದಲು ಸರಿಯುವವರು ಸಾಮಾನ್ಯವಾಗಿ ದನಿಯಿಲ್ಲದ ಮನುಷ್ಯರೇ.

ಅಸ್ತ್ರ ಕೇಂದ್ರವನ್ನು 1974ರಲ್ಲಿ ಕಟ್ಟಿದ ಅಮೂಲ್ಯ ಕೆ. ಎನ್. ರೆಡ್ಡಿ ಅಭಿವೃದ್ಧಿಗೆ ಮೂರು ಒರೆಗಲ್ಲುಗಳನ್ನು ಹೇಳುತ್ತಿದ್ದರು: ಅತ್ಯಂತ ಅಗತ್ಯವುಳ್ಳವರಿಂದ ಆರಂಭಿಸಿ ಮೂಲಭೂತ ಅಗತ್ಯಗಳ ಪೂರೈಕೆ, ಸ್ವಾವಲಂಬನೆ, ಪರಿಸರದೊಂದಿಗೆ ಸಾಮರಸ್ಯ. ಮೂರನ್ನೂ ಒಟ್ಟಿಗೆ ಕೇಳಬೇಕು, ಒಂದನ್ನು ಇನ್ನೊಂದಕ್ಕೆ ಮಾರಿಕೊಳ್ಳುವಂತಿಲ್ಲ. ಕೇಂದ್ರ ಯಾವುದೆಂಬ ಚರ್ಚೆಗಿಂತ ಈ ಮೂರು ಪ್ರಶ್ನೆಗಳು ನನಗೆ ಹೆಚ್ಚು ಉಪಯೋಗಕ್ಕೆ ಬಂದಿವೆ.

## ಕೆಲಸಕ್ಕೆ ಇಳಿದಾಗ

“ಜನರ ಮಾತೂ ಕೇಳಿ, ಪರಿಸರವೂ ಉಳಿದ ಒಂದಾದರೂ ನಿಜವಾದ ಕೆಲಸ ನಮ್ಮಲ್ಲಿ ಆಗಿದೆಯೇ?”

ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಅಸ್ತ್ರದವರು ಸಮುದಾಯ ಗೋಬರ್ ಗ್ಯಾಸ್ ಸ್ಥಾವರವೊಂದನ್ನು ಕಟ್ಟಿದರು. ಅಡುಗೆಗೆ ಅನಿಲ ಕೊಡುವುದು ಮೊದಲ ಉದ್ದೇಶವಾಗಿತ್ತು, ಆದರೆ ಊರಿನ ಎಲ್ಲ ಒಲೆಗಳಿಗೆ ಸಾಲುವಷ್ಟು ಸಗಣಿ ಇರಲಿಲ್ಲ. ಊರವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು ಎಂಬುದು ಮಾತುಕತೆಯಲ್ಲಿ ತಿಳಿಯಿತು. ಅನಿಲವನ್ನು ಎಂಜಿನ್ನಿಗೆ ಕೊಟ್ಟು, ಅದರಿಂದ ವಿದ್ಯುತ್ ಉತ್ಪಾದಿಸಿ, ಕೊಳವೆಬಾವಿಯ ನೀರನ್ನು ಮನೆಮನೆಯ ನಲ್ಲಿಗೆ ಹರಿಸಿದರು, ದೀಪವೂ ಬಂತು. 1987ರಿಂದ ಈ ವ್ಯವಸ್ಥೆ ನಡೆಯಿತು. ಸಗಣಿ ತಂದುಕೊಟ್ಟವರಿಗೆ ತೂಕದ ಲೆಕ್ಕದಲ್ಲಿ ಹಣ ಸಿಗುತ್ತಿತ್ತು, ಅನಿಲ ತೆಗೆದ ನಂತರದ ಬಗ್ಗಡ ಗೊಬ್ಬರವಾಗಿ ಅವರಿಗೇ ಮರಳುತ್ತಿತ್ತು. ಆ ಹಣ ಬಹುಮಟ್ಟಿಗೆ ಹೆಂಗಸರು ಮಕ್ಕಳ ಕೈಗೆ ಹೋಗುತ್ತಿದ್ದುದು, ನಡೆಸುವವರು ಊರಿನ ಯುವಕರೇ ಆಗಿದ್ದುದು ಯಂತ್ರದಷ್ಟೇ ಮುಖ್ಯವಾದ ವಿನ್ಯಾಸ.

ಅದು ಶಾಶ್ವತವಾಗಿ ನಡೆಯಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಕಟ್ಟಿದವರು ಸಗಣಿಯ ಲೆಕ್ಕವನ್ನೂ ಸರಿಯಾಗಿ ಹಾಕಿದರು, ತಮ್ಮ ಮೊದಲ ಊಹೆ ತಪ್ಪೆಂದು ಒಪ್ಪಿಕೊಂಡು ಊರವರ ಬಾಯಾರಿಕೆಯನ್ನೂ ಕೇಳಿಸಿಕೊಂಡರು. ಈ ಎರಡೂ ಒಂದೇ ಯೋಜನೆಯಲ್ಲಿ ಕೂಡಿಬರುವುದು ಅಪರೂಪ.

“ನಾನು ಆ್ಯಪ್‌ಗಳ ಪರದೆ ಮಾಡುವವಳು. ನನ್ನ ಕೆಲಸಕ್ಕೂ ಕೆರೆಗೂ ಏನು ಸಂಬಂಧ?”

ಪರದೆಯ ಮೇಲಿನ ಒಂದು ಚೌಕಕ್ಕೆ ಮೊದಲೇ ಗುರುತು ಹಾಕಿರಬೇಕೇ ಬೇಡವೇ ಎಂದು ನಿರ್ಧರಿಸುವವರು ನೀವೇ. ಊಟ ತಲುಪಿಸುವ ಜೊಮ್ಯಾಟೊ 2021ರ ಆಗಸ್ಟ್‌ನಲ್ಲಿ, ಕೇಳಿದವರಿಗೆ ಮಾತ್ರ ಚಮಚ, ಟಿಶ್ಯೂ, ಸ್ಟ್ರಾ ಕೊಡುವಂತೆ ತನ್ನ ಪರದೆಯನ್ನು ಬದಲಿಸಿತು. ಅದಕ್ಕೂ ಮೊದಲು ಬೇಡವೆಂದವರು ಹುಡುಕಿ ಗುರುತು ಹಾಕಬೇಕಿತ್ತು. ಮನೆಯಲ್ಲಿ ಕೈಯಿಂದ ಊಟ ಮಾಡುವ ಜನಕ್ಕೆ ಅಷ್ಟು ಚಮಚಗಳು ಯಾರ ಅಗತ್ಯವಾಗಿದ್ದವು? ಹತ್ತು ನಿಮಿಷದಲ್ಲಿ ತಲುಪಿಸುವ ಭರವಸೆ, ಉಚಿತ ವಾಪಸಾತಿಯ ಗುಂಡಿ, ಹೊಸ ಆವೃತ್ತಿ ಬಂದಾಗ ಹಳೆಯ ಫೋನಿನಲ್ಲಿ ತೆರೆಯದಂತಾಗುವ ಆ್ಯಪು, ಇವುಗಳ ಹಿಂದೆ ಪೆಟ್ರೋಲು, ರಟ್ಟು, ಎಸೆದ ಫೋನುಗಳಿವೆ. ನಿಮ್ಮ ಆ್ಯಪ್ ಏಳು ವರ್ಷ ಹಳೆಯ ಫೋನಿನಲ್ಲಿಯೂ ನಡೆಯುವಂತೆ ಹಗುರವಾಗಿಡುವುದು ನೀವು ನಾಳೆಯೇ ಆರಂಭಿಸಬಹುದಾದ ಕೆಲಸ. ಹಳೆಯ ಫೋನಿರುವ ಬಡ ಬಳಕೆದಾರನಿಗೂ ಅದರಿಂದಲೇ ಅನುಕೂಲ.

“ಕಂಪನಿಗಳಿಗೆ ಲಾಭ ಬೇಕು. ಕಾನೂನು ಇಲ್ಲದೆ ವಿನ್ಯಾಸಕರ ಒಳ್ಳೆಯತನದಿಂದ ಏನಾಗುತ್ತದೆ?”

ಹೆಚ್ಚೇನೂ ಆಗುವುದಿಲ್ಲ. ಆದರೆ ಕಾನೂನಿನ ಅಕ್ಷರಗಳನ್ನೂ ಗಮನಿಸಬೇಕು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಮರುಸಂಸ್ಕರಿಸಲಾಗದ ಬಹುಪದರದ ಪ್ಲಾಸ್ಟಿಕ್ಕನ್ನು ಎರಡು ವರ್ಷಗಳಲ್ಲಿ ಕೈಬಿಡಬೇಕೆಂದು ಹೇಳಿದ್ದವು. 2018ರ ತಿದ್ದುಪಡಿಯಲ್ಲಿ ಆ ಮಾತು ಸಡಿಲವಾಗಿ, ಸುಟ್ಟು ಶಕ್ತಿ ಪಡೆಯಲು ಬಾರದ ಅಥವಾ ಬೇರೆ ಉಪಯೋಗಕ್ಕೂ ಬಾರದ ಪ್ಲಾಸ್ಟಿಕ್ಕಿಗೆ ಮಾತ್ರ ಅನ್ವಯಿಸುವಂತಾಯಿತು. ಸಿಮೆಂಟ್ ಗೂಡಿನಲ್ಲಿ ಸುಡಬಹುದಾದದ್ದೆಲ್ಲ ಹೀಗೆ ಬಚಾವಾಯಿತು. 2022ರ ಜುಲೈನಲ್ಲಿ ದೇಶದಾದ್ಯಂತ ನಿಷೇಧವಾದ ಏಕಬಳಕೆಯ ವಸ್ತುಗಳ ಪಟ್ಟಿಯಲ್ಲಿ ಸ್ಟ್ರಾ, ಚಮಚ, ಕಿವಿಕಡ್ಡಿಗಳಿವೆ, ಶ್ಯಾಂಪೂ ಪ್ಯಾಕೆಟ್ ಇಲ್ಲ. ಕರ್ನಾಟಕ 2016ರ ಮಾರ್ಚ್‌ನಲ್ಲಿಯೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತ್ತು, ಆದರೆ ಸಂತೆಯಲ್ಲಿ ಅವು ಇಂದಿಗೂ ಕಾಣುತ್ತವೆ. ನಿಷೇಧದ ಜೊತೆಗೆ ಬದಲಿ ವಸ್ತು ಅಷ್ಟೇ ಅಗ್ಗವಾಗಿ, ಅಷ್ಟೇ ಸುಲಭವಾಗಿ ಕೈಗೆ ಸಿಗದಿದ್ದರೆ ಸೊಪ್ಪು ಮಾರುವ ಹೆಂಗಸು ದಂಡ ಕಟ್ಟುತ್ತಾಳೆ, ಚೀಲ ತಯಾರಿಸುವವನು ಉಳಿದುಕೊಳ್ಳುತ್ತಾನೆ. ಆ ಬದಲಿಯನ್ನು ಒದಗಿಸುವುದು ವಿನ್ಯಾಸಕರ ಪಾಲಿನ ಕೆಲಸ, ಒತ್ತಾಯಿಸುವುದು ಕಾನೂನಿನ ಪಾಲಿನದು.

“ವಿನ್ಯಾಸ ಕಲಿಯುತ್ತಿರುವ ವಿದ್ಯಾರ್ಥಿ ಇದನ್ನೆಲ್ಲ ಎಲ್ಲಿಂದ ಆರಂಭಿಸಬೇಕು?”

ಒಂದು ವಸ್ತುವನ್ನು ಆರಿಸಿಕೊಂಡು ಅದು ಸತ್ತ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಹಿಂಬಾಲಿಸಿ. ನನ್ನ ವಿದ್ಯಾರ್ಥಿಗಳನ್ನು ಮೊದಲ ವಾರ ಬಳಕೆದಾರರ ಮನೆಗೆ ಕಳಿಸುತ್ತೇನೆ, ಎರಡನೆಯ ವಾರ ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ. ಅಲ್ಲಿ ವಿಂಗಡಿಸುವ ಹೆಂಗಸರ ಪಕ್ಕದಲ್ಲಿ ಕುಳಿತು, ಯಾವುದನ್ನು ಯಾವ ರಾಶಿಗೆ ಹಾಕುತ್ತಾರೆ, ಯಾವ ರಾಶಿಗೆ ಕಿಲೋಗೆ ಎಷ್ಟು ಸಿಗುತ್ತದೆ, ಯಾವುದಕ್ಕೆ ಏನೂ ಸಿಗುವುದಿಲ್ಲ ಎಂದು ಬರೆದುಕೊಂಡು ಬರಬೇಕು. ಲೇಬಲ್ಲಿನ ಅಂಟು ಬಿಡಿಸುವುದು ಎಷ್ಟು ಕಷ್ಟ, ಬಣ್ಣದ ಬಾಟಲಿಗಿಂತ ಬಣ್ಣವಿಲ್ಲದ್ದಕ್ಕೆ ಯಾಕೆ ಹೆಚ್ಚು ಬೆಲೆ, ಮುಚ್ಚಳವೂ ಬಾಟಲಿಯೂ ಬೇರೆ ಬೇರೆ ಪ್ಲಾಸ್ಟಿಕ್ ಆದರೆ ಏನು ತೊಂದರೆ ಎಂಬುದನ್ನು ಆ ಹೆಂಗಸರು ಯಾವ ಪಠ್ಯಕ್ಕಿಂತಲೂ ಚೆನ್ನಾಗಿ ಹೇಳುತ್ತಾರೆ. ಮೂರನೆಯ ವಾರ, ಒಂದು ಕೆಟ್ಟ ಮಿಕ್ಸಿಯನ್ನೋ ಇಸ್ತ್ರಿಪೆಟ್ಟಿಗೆಯನ್ನೋ ರಿಪೇರಿ ಅಂಗಡಿಯಲ್ಲಿ ತಾವೇ ಬಿಚ್ಚಿ ಮತ್ತೆ ಜೋಡಿಸಬೇಕು. ಒಮ್ಮೆ ಒಬ್ಬ ವಿದ್ಯಾರ್ಥಿನಿ ಸಂಗ್ರಹ ಕೇಂದ್ರದಿಂದ ಮರಳಿ, ತಾನು ಹಿಂದಿನ ವರ್ಷ ಬಹುಮಾನ ಗೆದ್ದ ಪೊಟ್ಟಣದ ನಕ್ಷೆಯನ್ನು ತಂದು ಮೇಜಿನ ಮೇಲಿಟ್ಟಳು. ಕೆಂಪು ಪೆನ್ನಿನಿಂದ ಮೂರು ಪದರಗಳಲ್ಲಿ ಎರಡನ್ನು ಹೊಡೆದುಹಾಕಿ, ಉಳಿದ ಒಂದರಲ್ಲಿಯೇ ಒಳಗಿನ ಪುಡಿ ತೇವವಾಗದಂತೆ ಇಡುವುದು ಹೇಗೆ ಎಂದು ಕೇಳಿದಳು. ಆ ಸೆಮಿಸ್ಟರಿನ ಉಳಿದ ದಿನಗಳೆಲ್ಲ ಅದರಲ್ಲೇ ಕಳೆದವು.